ಇದ್ದಿದ್ದಕ್ಕೆ ಎಂತ ಆಜು?

ಅಡಿಕೆ ಮಾರಿದ ದುಡ್ಡು ಕೈಗೆ ಬರೋ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ನನಗೊಂದು ಪ್ರಶ್ನೆ ಬಂದೇ ಬರುತ್ತದೆ. ‘ಸರ್, ಹೊಸ ಪ್ರೊಸೆಸರ್ ಬಂದಿದೆಯಲ್ಲ, ತಗೋಬಹುದಾ?’ ಕೇಳುವವರು ಮನೆಯಿಂದಲೇ ಕಂಪನಿ ಕೆಲಸ ಮಾಡುವ ಹುಡುಗರು, ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರು, ಯಕ್ಷಗಾನ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುವವರು. ಇದು ಮಗನ ಪ್ರಶ್ನೆ. ಅದೇ ಮನೆಯ ಜಗಲಿಯಲ್ಲಿ ಕೂತ ಅಪ್ಪಯ್ಯನ ಪ್ರಶ್ನೆ ಬೇರೆ: ‘ಇದ್ದಿದ್ದಕ್ಕೆ ಎಂತ ಆಜು ತಮಾ?’ ಅಂದರೆ, ಈಗ ಇರೋದಕ್ಕೆ ಏನಾಗಿದೆ ಅಂತ.

ನನ್ನನ್ನು ಕೇಳಿದರೆ ಅಪ್ಪಯ್ಯನ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಆದರೆ ಅದಕ್ಕೆ ಮಗ ಉತ್ತರ ಕೊಡಬೇಕು, ಗುರ್ ಅನ್ನಬಾರದು.

ಕೆಲವರಿಗೆ ಉತ್ತರ ಸುಲಭ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಬೇಕು ಅಂದರೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಇರಬೇಕು. 2015ರ ಹೊತ್ತಿಗೆ ತಗೊಂಡ ಯಂತ್ರ ಅಲ್ಲಿಗೆ ಹೊರಗೆ. ಅದಕ್ಕೂ ಹೊಸದಿದ್ದು ‘ಸ್ಲೋ ಆಗಿದೆ ಸರ್’ ಅನ್ನೋರು ಮೊದಲು ಡಬ್ಬ ಬಿಚ್ಚಿ ನೋಡಿ. ಒಳಗೆ ಇನ್ನೂ ತಿರುಗೋ ಹಾರ್ಡ್ ಡಿಸ್ಕ್ ಇದ್ದರೆ ರೋಗ ಅಲ್ಲಿದೆ. ಒಂದು ಎಸ್‌ಎಸ್‌ಡಿ ಹಾಕಿ. ಲೆಕ್ಕಪತ್ರ, ಬ್ಯಾಂಕಿಂಗು, ನುಡಿಯಲ್ಲಿ ಆಮಂತ್ರಣ ಪತ್ರಿಕೆ ಟೈಪ್ ಮಾಡೋದು ಇಷ್ಟಕ್ಕೆ ಪ್ರೊಸೆಸರ್ ಬದಲಿಸುವ ಅಗತ್ಯವೇ ಬೀಳೋದಿಲ್ಲ.

ಇನ್ನು ನಿಜವಾಗಿ ಕೊಳ್ಳಬೇಕಾದವರ ವಿಚಾರಕ್ಕೆ ಬರೋಣ. ಮೊದಲನೆಯದು ಬೆಲೆ. ಕಂಪನಿ ಡಾಲರ್ ಲೆಕ್ಕದಲ್ಲಿ ಘೋಷಿಸುವ ಬೆಲೆಯಲ್ಲಿ ತೆರಿಗೆ ಇರೋದಿಲ್ಲ. 2024ರ ನವೆಂಬರ್‌ನಲ್ಲಿ ಎಎಂಡಿಯ ರೈಜೆನ್ 7 9800ಎಕ್ಸ್3ಡಿ ಬಂದಾಗ ಬೆಲೆ 479 ಡಾಲರ್. ಡಾಲರ್‌ಗೆ 84 ರೂಪಾಯಿ ಹಿಡಿದರೂ 40 ಸಾವಿರ, ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 47 ಸಾವಿರ ದಾಟಿತು. ಅದು ಬರೀ ಚಿಪ್. ಅದಕ್ಕೊಂದು ಮದರ್‌ಬೋರ್ಡ್, ಕೂಲರ್, ಡಿಡಿಆರ್5 ಮೆಮೊರಿ ಬೇಕು. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ಬಾಚಿಕೊಂಡು, ನಮ್ಮ ನಿಮ್ಮ ಮೆಮೊರಿ ಕಡ್ಡಿಯ ಬೆಲೆ ಎರಡು ಪಟ್ಟು ದಾಟಿತು. ಎತ್ತಿನ ಬೆಲೆ ಕೇಳಿ ಹೋದವನು ಗಾಡಿಯನ್ನೂ ಕೊಂಡು ಬಂದ ಹಾಗೆ ಆಗುತ್ತೆ ಇದು. ಆದ್ದರಿಂದ ಎರಡು ಚಿಪ್ ಹೋಲಿಸಬೇಡಿ. ಎರಡು ಪೂರ್ತಿ ಬಿಲ್ ಹೋಲಿಸಿ.

ಒಂದೇ ಕಂಪನಿ ಒಂದೇ ವರ್ಷ, 2024ರಲ್ಲಿ, 279 ಡಾಲರ್‌ಗೂ ಮಾರಿತು, 649 ಡಾಲರ್‌ಗೂ ಮಾರಿತು. ಒಳಗೆ ಅಂಥದ್ದೇನು ವ್ಯತ್ಯಾಸ? ಇದು ಬೆಂಗಳೂರಿನವರಿಗಿಂತ ಶಿರಸಿಯವರಿಗೆ ಬೇಗ ಅರ್ಥವಾಗುತ್ತೆ. ಒಂದೇ ತೋಟದ ಒಂದೇ ಕೊನೆಯ ಅಡಿಕೆ ಒಣಗಿಸಿ ಸುಲಿದು ಆರಿಸಲು ಕೂತರೆ ಒಂದಿಷ್ಟು ಚಾಲಿಗೆ, ಒಂದಿಷ್ಟು ಬಿಳೆಗೋಟಿಗೆ, ಉಳಿದದ್ದು ಕೋಕಕ್ಕೆ. ಮರ ಬೇರೆಯಲ್ಲ, ಆರಿಸೋದು ಬೇರೆ. ಚಿಪ್ ಕಾರ್ಖಾನೆಯಲ್ಲೂ ಇದೇ ನಡೆಯೋದು. ತಟ್ಟೆಯಂಥ ಒಂದು ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್ ಒಟ್ಟಿಗೆ ಮೂಡುತ್ತವೆ. ಪ್ರತಿಯೊಂದರಲ್ಲೂ ಎಂಟು ಕೋರ್, ಅಂದರೆ ಕೆಲಸ ಮಾಡೋ ಎಂಟು ಆಳು ಅಂತಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಎಂಟೂ ಗಟ್ಟಿ ಇದ್ದರೆ ರೈಜೆನ್ 7. ಒಂದೆರಡು ಸರಿ ಇಲ್ಲದಿದ್ದರೆ ಎರಡನ್ನು ಮುಚ್ಚಿ ಆರು ಕೋರಿನ ರೈಜೆನ್ 5. ಎಂಟರದ್ದು ಎರಡು ಜೋಡಿಸಿದರೆ ಹದಿನಾರು ಕೋರಿನ ರೈಜೆನ್ 9. ಕಡಿಮೆ ಬೆಲೆಯದ್ದಕ್ಕೆ ಬೇಡಿಕೆ ಜಾಸ್ತಿ ಇದ್ದರೆ ಗಟ್ಟಿ ಇರೋ ಕೋರನ್ನೂ ಮುಚ್ಚಿ ಮಾರುವುದುಂಟು. ಚಾಲಿಯನ್ನು ಬಿಳೆಗೋಟಿನ ರೇಟಿಗೆ ಯಾವ ಅಡಿಕೆ ಬೆಳೆಗಾರನೂ ಕೊಡಲಾರ, ಇವರು ಕೊಡ್ತಾರೆ!

ಈಗ ನೋಡಿ. 2024ರಲ್ಲಿ 279 ಡಾಲರ್‌ಗೆ ಬಂದ 9600ಎಕ್ಸ್‌ನ ಒಂದು ಕೋರ್ ಗರಿಷ್ಠ 5.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತೆ. ಆಗ 649 ಡಾಲರ್‌ಗೆ ಬಂದ 9950ಎಕ್ಸ್‌ನದ್ದು 5.7. ಒಂದೇ ಆಳು ಮಾಡುವ ಕೆಲಸದಲ್ಲಿ ವ್ಯತ್ಯಾಸ ನೂರಕ್ಕೆ ಐದಾರು, ಬೆಲೆ ಎರಡು ಪಟ್ಟಿಗೂ ಮೇಲೆ. ದೊಡ್ಡದರ ಪ್ರಯೋಜನ ಸಿಗೋದು ಹದಿನಾರು ಆಳಿಗೂ ಒಟ್ಟಿಗೆ ಕೆಲಸ ಕೊಡಬಲ್ಲವನಿಗೆ ಮಾತ್ರ. ಕೊನೆ ಕೊಯ್ಯೋಕೆ ಹತ್ತು ಜನ ಬಂದು, ಮರ ಹತ್ತುವವನು ಒಬ್ಬನೇ ಆದರೆ ಉಳಿದವರು ಎಲೆ ಹಾಕ್ಕೊಂಡು ಕೂತಿರ್ತಾರೆ. ಸಂಬಳ ಮಾತ್ರ ಎಲ್ಲರಿಗೂ.

ಗೇಮ್ ಆಡುವವರು ತೋರಿಸುವ ಪಟ್ಟಿಗಳ ಬಗ್ಗೆ ಒಂದೇ ಮಾತು. ಆ ಪರೀಕ್ಷೆಗಳನ್ನು ಸಾಮಾನ್ಯವಾಗಿ ಜಗತ್ತಿನ ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ, ಸ್ಕ್ರೀನಿನ ರೆಸಲ್ಯೂಷನ್ ತಗ್ಗಿಸಿ ಮಾಡ್ತಾರೆ. ಪ್ರೊಸೆಸರ್‌ಗಳ ವ್ಯತ್ಯಾಸ ಎದ್ದು ಕಾಣಲಿ ಅಂತ. ಪರೀಕ್ಷೆಗೆ ಅದು ಸರಿ. ನಿಮ್ಮ ಮನೆಯ ಸಾಧಾರಣ ಕಾರ್ಡ್‌ನಲ್ಲಿ ಆ ವ್ಯತ್ಯಾಸ ಬಹುಪಾಲು ಕರಗಿ ಹೋಗುತ್ತೆ.

ನನಗೆ ಕಳವಳ ಇರೋದು ಸ್ಟುಡಿಯೋ ಹುಡುಗರ ಬಗ್ಗೆ. ಸೊಸೈಟಿಯಲ್ಲಿ ಸಾಲ ಮಾಡಿ ದೊಡ್ಡ ಯಂತ್ರ ತರಲು ಹೊರಟಿರ್ತಾರೆ. ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 40 ಮದುವೆ ಅಂತಿಟ್ಟುಕೊಳ್ಳಿ. 75 ಸಾವಿರದ ಯಂತ್ರ ಹಳೆಯದಕ್ಕಿಂತ ಮದುವೆಗೆ ಒಂದೂವರೆ ಗಂಟೆ ಉಳಿಸುತ್ತೆ, 1 ಲಕ್ಷ 20 ಸಾವಿರದ್ದು ಎರಡು ಗಂಟೆ ಉಳಿಸುತ್ತೆ. ಬಾಳಿಕೆ ನಾಲ್ಕು ವರ್ಷ. ಮೊದಲನೆಯದರಲ್ಲಿ ಉಳಿಸಿದ ಒಂದೊಂದು ಗಂಟೆಗೆ ನೀವು ಕೊಟ್ಟದ್ದು ಸುಮಾರು 312 ರೂಪಾಯಿ. ಎರಡನೆಯದು? ಸರಾಸರಿ 375 ಅನಿಸುತ್ತೆ. ಹಾಗಲ್ಲ. ಹೆಚ್ಚಿಗೆ ಸುರಿದ 45 ಸಾವಿರಕ್ಕೆ ಸಿಕ್ಕಿದ್ದು ವರ್ಷಕ್ಕೆ ಬರೀ 20 ಗಂಟೆ. ಆ ಗಂಟೆಗಳ ಬೆಲೆ ತಲಾ 562 ರೂಪಾಯಿ. ಆ ಒಂದು ಗಂಟೆಯಲ್ಲಿ ಅಷ್ಟು ದುಡಿಯೋಕೆ ಕೆಲಸ ಕೈಯಲ್ಲಿದೆಯಾ? ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ.

ಯಾವ ಗಂಟೆ ಉಳಿಯಿತು ಅನ್ನೋದೂ ಮುಖ್ಯ. ಎಡಿಟ್ ಮಾಡುವಾಗ ಟೈಮ್‌ಲೈನ್ ತಡೆದು ತಡೆದು ಓಡಿದರೆ ಕೂತವನ ಗಂಟೆ ಹಾಳಾಗುತ್ತೆ, ಅದಕ್ಕೆ ಬೆಲೆ ಇದೆ. ರಾತ್ರಿ ರೆಂಡರ್‌ಗೆ ಹಾಕಿ ಮಲಗಿದರೆ ಅದು ಎರಡಕ್ಕೆ ಮುಗಿದರೇನು, ಐದಕ್ಕೆ ಮುಗಿದರೇನು? ನೀವು ಏಳೋದು ಆರಕ್ಕೆ. ಬೆಳಗಿನವರೆಗಿನ ಯಕ್ಷಗಾನದ 40 ಜಿಬಿ ಫೈಲನ್ನು 10 ಎಂಬಿಪಿಎಸ್ ಲೈನಿನಲ್ಲಿ ಯೂಟ್ಯೂಬ್‌ಗೆ ಏರಿಸಲು ಹೇಗೂ ಒಂಬತ್ತು ಗಂಟೆ ಹತ್ತಿರ ಬೇಕು. ಯಾವ ಪ್ರೊಸೆಸರ್ ಹಾಕಿದರೂ ಅದರಲ್ಲಿ ಒಂದು ನಿಮಿಷ ಕಡಿಮೆ ಆಗಲ್ಲ.

ವಿಡಿಯೋದವರು ಇನ್ನೊಂದು ಕಡೆ ಎಡವುತ್ತಾರೆ. ಇಂಟೆಲ್‌ನ ಕೋರ್ ಅಲ್ಟ್ರಾ 7 265ಕೆ ಬಂದಾಗ ಬೆಲೆ 394 ಡಾಲರ್, 265ಕೆಎಫ್ 379. ಹದಿನೈದು ಡಾಲರ್ ಉಳೀತು ಅಂತ ಎಫ್ ತರ್ತಾರೆ. ಎಫ್ ಅಂದರೆ ಒಳಗಿನ ಗ್ರಾಫಿಕ್ಸ್ ಮುಚ್ಚಿದ್ದು. ಅದರ ಜೊತೆಗೇ ಕ್ವಿಕ್ ಸಿಂಕ್ ಕೂಡ ಹೋಯ್ತು. ಈಗಿನ ಹಲವು ಕ್ಯಾಮೆರಾಗಳ ಹತ್ತು ಬಿಟ್ 4:2:2 ವಿಡಿಯೋವನ್ನು ಎಡಿಟಿಂಗ್‌ನಲ್ಲಿ ಸಲೀಸಾಗಿ ಓಡಿಸಲು ನೆರವಾಗೋದು ಅದು. ವಿಡಿಯೋ ಕೆಲಸಕ್ಕೆ ಕೊಳ್ಳುವಾಗ ಹೆಸರಿನ ಕೊನೆಯ ಆ ಒಂದು ಅಕ್ಷರವನ್ನು ಓದಿ. ಅದೇ 265ಕೆ 2025ರ ಮಧ್ಯಕ್ಕೆ ಅಮೆರಿಕದಲ್ಲಿ 300 ಡಾಲರ್‌ಗಿಂತ ಕೆಳಗೆ ಮಾರಾಟವಾಯ್ತು. ಬಿಡುಗಡೆಯಾದ ವಾರವೇ ಓಡುವ ಅವಸರಕ್ಕೂ ಒಂದು ದರ ಇದೆ.

ದುಬಾರಿಯಾದ್ದು ಗಟ್ಟಿ ಅಂತಲೂ ಅಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನಲ್ಲಿ ದೊಡ್ಡ ಚಿಪ್‌ಗಳೇ ಇದ್ದಕ್ಕಿದ್ದಂತೆ ಕೈಕೊಡಲು ಶುರು ಮಾಡಿದವು. ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗಿ ಚಿಪ್ ಸವೆಯುತ್ತಿತ್ತು. 2024ರ ಜುಲೈನಲ್ಲಿ ಕಂಪನಿ ಒಪ್ಪಿಕೊಂಡಿತು, ಆಗಸ್ಟ್‌ನಲ್ಲಿ ತಿದ್ದುಪಡಿ ಕೊಟ್ಟಿತು, ಆ ಚಿಪ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಸೆಕೆಂಡ್‌ಹ್ಯಾಂಡ್‌ನಲ್ಲಿ ಆ ಸಾಲಿನದ್ದು ಕೊಳ್ಳುವವರು ಬಯಾಸ್ ಅಪ್‌ಡೇಟ್ ಆಗಿದೆಯಾ ಕೇಳಿ, ಬಿಲ್ ಕೇಳಿ. ಸವೆದು ಹೋದ ಚಿಪ್ ಅಪ್‌ಡೇಟ್‌ನಿಂದ ಸರಿಯಾಗೋದಿಲ್ಲ. ಮನೆಯಲ್ಲೇ ಅಪ್‌ಡೇಟ್ ಮಾಡುವವರು ಗುಡುಗು ಇಲ್ಲದ ದಿನ ನೋಡಿ ಮಾಡಿ. ಅರ್ಧಕ್ಕೆ ಕರೆಂಟ್ ಹೋದರೆ ಮದರ್‌ಬೋರ್ಡೇ ಹೋದ ಹಾಗೆ, ಮತ್ತೆ ಶಿರಸಿಯಿಂದ ನೂರು ಕಿಲೋಮೀಟರ್ ಹುಬ್ಬಳ್ಳಿಗೆ ಬಸ್ ಹತ್ತಬೇಕು.

ಕರೆಂಟ್ ಅಂದೆನಲ್ಲ, ಘಟ್ಟದ ಮೇಲಿನವರು ಕೊನೆಗೆ ನೋಡುವ, ಮೊದಲು ನೋಡಬೇಕಾದ ಸಂಗತಿ ಇದೇ. ಮದುವೆ ಸೀಸನ್ನೂ ಗುಡುಗಿನ ಸೀಸನ್ನೂ ಒಂದೇ, ಏಪ್ರಿಲ್-ಮೇ. ಆಮೇಲೆ ಮಳೆಗಾಲ ಪೂರ್ತಿ ಲೈನಿನ ಮೇಲೆ ಮರ. ಅಂಗಡಿಯಲ್ಲಿ ಸಿಗುವ ಮಾಮೂಲಿ 600 ವಿಎ ಯುಪಿಎಸ್ ಹೊರೋದು 360 ವ್ಯಾಟ್. 14900ಕೆ ಪೂರ್ತಿ ಹೊರೆಯಲ್ಲಿ ಒಂದೇ 253 ವ್ಯಾಟ್ ಎಳೆಯುತ್ತೆ. ಅದರ ಮೇಲೆ 200 ವ್ಯಾಟಿನ ಗ್ರಾಫಿಕ್ಸ್ ಕಾರ್ಡ್ ಇದ್ದರೆ, ರೆಂಡರ್ ಮಧ್ಯೆ ಕರೆಂಟ್ ಹೋದ ಕ್ಷಣ ಯುಪಿಎಸ್ ಒಮ್ಮೆ ಕೂಗಿ ಮಲಗುತ್ತೆ. 9600ಎಕ್ಸ್ ಎಳೆಯೋದು ಹೆಚ್ಚೆಂದರೆ 88 ವ್ಯಾಟ್. ಇರುವ ಯುಪಿಎಸ್‌ನಲ್ಲೇ ಫೈಲ್ ಸೇವ್ ಮಾಡಿ ಮುಚ್ಚುವಷ್ಟು ಪುರುಸೊತ್ತು ಸಿಗುತ್ತೆ. ದೊಡ್ಡದೇ ಬೇಕು ಅನ್ನುವವರು 1500 ವಿಎ ಯುಪಿಎಸ್‌ನ ಬೆಲೆಯನ್ನೂ ಅಪ್ಪಯ್ಯನ ಮುಂದಿಡುವ ಚೀಟಿಯಲ್ಲಿ ಬರೆದುಕೊಳ್ಳಿ.