ಹದಿನೆಂಟರ ಆಚೆಗಿನ ಕಲಿಕೆ: ಬೆಂಬಲ ಬೋಧಕರ ಕಾರ್ಯ ಮತ್ತು ಶಿಕ್ಷಕರ ಪಾತ್ರ

ಬೌದ್ಧಿಕ ನ್ಯೂನತೆ, ಆಟಿಸಂ, ಡೌನ್ ಸಿಂಡ್ರೋಮ್ ಮೊದಲಾದ ಬೆಳವಣಿಗೆಯ ನ್ಯೂನತೆಯುಳ್ಳ ಮಕ್ಕಳ ಶಿಕ್ಷಣದ ಕುರಿತು ಶಿಕ್ಷಕರಿಗೆ ಇಂದು ತರಬೇತಿ ದೊರೆಯುತ್ತಿದೆ. ಆದರೆ ಆ ಮಕ್ಕಳು ಪ್ರಾಯಕ್ಕೆ ಬಂದ ಮೇಲೆ ಏನು ಎಂಬ ಪ್ರಶ್ನೆ ಹೆಚ್ಚಾಗಿ ಮನೆಯವರ ಪಾಲಿಗೇ ಉಳಿಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಶೇಕಡ 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಆ ವಯಸ್ಸಿಗೆ ಶಾಲೆ ಮುಗಿಯುತ್ತದೆ, ಕಲಿಕೆ ಮುಗಿಯುವುದಿಲ್ಲ. ಅಡುಗೆ, ಬಸ್ಸಿನ ಪ್ರಯಾಣ, ಹಣದ ಲೆಕ್ಕ, ಒಂದು ಕೈಕಸಬು ಇವುಗಳನ್ನು ಕಲಿಯುವ ಕಾಲ ಆಗಷ್ಟೇ ಬಂದಿರುತ್ತದೆ. ಈ ಘಟ್ಟದಲ್ಲಿ ಜೊತೆಗೆ ನಿಂತು ಕಲಿಸುವವರೇ ಬೆಂಬಲ ಬೋಧಕರು.

ವಯಸ್ಕರನ್ನು ವಯಸ್ಕರಾಗಿ ಕಾಣುವುದು

ಇಪ್ಪತ್ತೈದು ವರ್ಷದ ವ್ಯಕ್ತಿಯ ಬುದ್ಧಿ ಆರು ವರ್ಷದ ಮಗುವಿನಷ್ಟಿದೆ ಎನ್ನುವುದು ರೂಢಿಯ ಮಾತು. ಇದು ದಾರಿ ತಪ್ಪಿಸುವ ಮಾತು. ಆ ವ್ಯಕ್ತಿಗೆ ಇಪ್ಪತ್ತೈದು ವರ್ಷಗಳ ಅನುಭವವಿದೆ, ಇಷ್ಟಾನಿಷ್ಟಗಳಿವೆ, ನಾಚಿಕೆಯಿದೆ, ದುಡಿಯುವ ಆಸೆಯಿದೆ. ಆದುದರಿಂದ ಬೋಧಕರ ಮೊದಲ ಪಾಠ ಸಂಬೋಧನೆಯದು. ಕನ್ನಡದಲ್ಲಿ ‘ನೀನು’ ಮತ್ತು ‘ನೀವು’ಗಳ ಅಂತರ ದೊಡ್ಡದು. ಊರಿನ ಇತರ ಪ್ರಾಯದವರನ್ನು ‘ಬನ್ನಿ’ ಎಂದು ಕರೆದು, ಇವರನ್ನು ಮಾತ್ರ ‘ಬಾರೋ’ ಎಂದರೆ, ಇವರು ಎಂದಿಗೂ ದೊಡ್ಡವರಾಗಲಾರರೆಂದು ಎಲ್ಲರ ಮುಂದೆ ಸಾರಿದಂತಾಗುತ್ತದೆ. ತನಗಿಂತ ಹಿರಿಯರಾದವರನ್ನು ಕಿರಿಯ ಬೋಧಕರು ಅಣ್ಣ, ಅಕ್ಕ ಎಂದೇ ಕರೆಯುವುದು ಯುಕ್ತ.

ಕೆಲಸವನ್ನು ಬಿಡಿಸಿ ಕಲಿಸುವುದು

ಅಮೆರಿಕದ ಮಾರ್ಕ್ ಗೋಲ್ಡ್ ಎಂಬ ಶಿಕ್ಷಣತಜ್ಞರು 1970ರ ಆಸುಪಾಸಿನಲ್ಲಿ ಒಂದು ಮಹತ್ವದ ಪ್ರಯೋಗ ನಡೆಸಿದರು. ತೀವ್ರ ಬೌದ್ಧಿಕ ನ್ಯೂನತೆಯುಳ್ಳವರಿಗೆ ಅವರು ಸೈಕಲ್ ಬ್ರೇಕಿನ 15 ಬಿಡಿಭಾಗಗಳನ್ನು ಜೋಡಿಸಲು ಕಲಿಸಿದರು. ಕೆಲಸವನ್ನು ಸಣ್ಣ ಹಂತಗಳಾಗಿ ಒಡೆದರು. ಮಾತು ಕಡಿಮೆ ಮಾಡಿದರು. ಕೆಲವರಿಗೆ ಬಿಡಿಭಾಗಗಳ ಒಂದು ಮೈಗೆ ಕೆಂಪು ಬಣ್ಣದ ಗುರುತು ಹಾಕಿಕೊಟ್ಟರು. ಕಲಿಯದಿದ್ದರೆ ಬದಲಾಗಬೇಕಾದುದು ಕಲಿಸುವ ರೀತಿ ಎಂಬುದೇ ಅವರ ನಿಲುವಾಗಿತ್ತು.

ಈ ವಿಧಾನವನ್ನು ಸೇಲಂ ಸೀಮೆಯ ನೇಕಾರರ ಮನೆಗೆ ಅನ್ವಯಿಸಿ ನೋಡಬಹುದು. ಲಾಳಿಗೆ ಬೇಕಾದ ಕಂಡಿಕೆ ಸುತ್ತುವುದು ನೋಡುವವರಿಗೆ ಒಂದೇ ಕೆಲಸ, ಕಲಿಯುವವರಿಗೆ ಏಳು. ಖಾಲಿ ಕೊಳವೆಯನ್ನು ಕದಿರಿಗೆ ಸಿಕ್ಕಿಸುವುದು, ನೂಲಿನ ತುದಿ ಹಿಡಿಯುವುದು, ಕೊಳವೆಗೆ ಎರಡು ಸುತ್ತು ಹಾಕುವುದು, ಬಲಗೈಯಿಂದ ರಾಟೆ ತಿರುಗಿಸುವುದು, ಎಡಗೈಯಿಂದ ನೂಲನ್ನು ಆಚೀಚೆ ನಡೆಸುವುದು, ತುಂಬಿದಾಗ ನಿಲ್ಲಿಸುವುದು, ನೂಲು ಕಡಿದು ಕಂಡಿಕೆಯನ್ನು ಬುಟ್ಟಿಗೆ ಹಾಕುವುದು. ಮೊದಲಿಗೆ ಆರು ಹಂತಗಳನ್ನು ಬೋಧಕರೇ ಮಾಡಿ, ಕೊನೆಯದನ್ನು ಮಾತ್ರ ಕಲಿಯುವವರಿಗೆ ಬಿಡಬಹುದು. ಹಾಗೆ ಮಾಡಿದಲ್ಲಿ ಪ್ರತಿ ಸಲವೂ ಕೆಲಸ ಮುಗಿಸಿದ ತೃಪ್ತಿ ಅವರದಾಗುತ್ತದೆ. ಅನಂತರ ಹಿಂದಿನ ಒಂದೊಂದೇ ಹಂತವನ್ನು ಸೇರಿಸುತ್ತ ಹೋಗಬೇಕು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದವರಿಗೆ ಕೊಳವೆಯ ತುದಿಯಲ್ಲಿ ಕೆಂಪು ಗೆರೆಯೊಂದು ಸಾಕು.

ನೆರವಿನಲ್ಲಿಯೂ ಮೆಟ್ಟಿಲುಗಳಿವೆ: ಕೈಹಿಡಿದು ಮಾಡಿಸುವುದು, ಮಾಡಿ ತೋರಿಸುವುದು, ಸನ್ನೆ ಮಾಡುವುದು, ಮಾತಿನಲ್ಲಿ ನೆನಪಿಸುವುದು, ಸುಮ್ಮನೆ ಕಾಯುವುದು. ಇವುಗಳಲ್ಲಿ ಕೊನೆಯದೇ ಕಠಿಣ. ತಡವಾಯಿತೆಂದು ಬೋಧಕರು ತಾವೇ ಮಾಡಿಬಿಟ್ಟರೆ ಕಲಿಯುವವರ ಅವಕಾಶ ಅಲ್ಲಿಗೆ ತಪ್ಪಿಹೋಗುತ್ತದೆ. ತಮ್ಮ ಅಗತ್ಯವನ್ನು ದಿನದಿನಕ್ಕೆ ಕಡಿಮೆ ಮಾಡಿಕೊಳ್ಳುವುದೇ ಈ ವೃತ್ತಿಯ ಸಾಧನೆ. ಬೆಂಗಳೂರಿನ ‘ಅಂಬಾ’ ಸಂಸ್ಥೆಯಲ್ಲಿ ಬೌದ್ಧಿಕ ನ್ಯೂನತೆಯುಳ್ಳ ವಯಸ್ಕರು ಗಣಕಯಂತ್ರದಲ್ಲಿ ಮಾಹಿತಿ ತುಂಬುವ ಕೆಲಸವನ್ನು ಕಲಿತಿರುವುದಲ್ಲದೆ, ತಮ್ಮಂತಹ ಇತರರಿಗೂ ಅದನ್ನು ಕಲಿಸುತ್ತಾರೆ.

ಮನೆಮಾತಿನ ಪ್ರಶ್ನೆ

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕನ್ನಡ ಕುಟುಂಬಗಳಲ್ಲಿ ಇನ್ನೊಂದು ತೊಡಕಿದೆ. ಮನೆಯ ಮಾತು ಕನ್ನಡ. ಸಂತೆ, ಬಸ್ಸು, ತರಬೇತಿ ಕೇಂದ್ರಗಳ ಮಾತು ತಮಿಳು. ಸಾಮಾನ್ಯ ಮಕ್ಕಳು ಎರಡನ್ನೂ ಆಡುತ್ತಾಡುತ್ತಲೇ ಕಲಿಯುತ್ತಾರೆ. ಮಾತು ನಿಧಾನವಾಗಿರುವವರಿಗಾದರೋ ಹೊಸ ಪರಿಸರದಲ್ಲಿ ಹೊಸ ಪದವೂ ಸೇರಿದರೆ ಹೊರೆ ಇಮ್ಮಡಿಯಾಗುತ್ತದೆ. ಮನೆಯಲ್ಲಿ ‘ತೆಗೆ’, ‘ಇಡು’ ಎಂಬ ಮಾತುಗಳಿಗೆ ಓಗೊಡುವವರು, ಕೇಂದ್ರದಲ್ಲಿ ‘ಎಡು’, ‘ವೈ’ ಎಂದಾಗ ಕೈಕಟ್ಟಿ ನಿಲ್ಲಬಹುದು. ಭಾಷೆಯ ಅಡ್ಡಿಯನ್ನು ಬುದ್ಧಿಯ ಕೊರತೆಯೆಂದು ಬರೆದಿಟ್ಟರೆ, ಮಾಡಬಲ್ಲವರೂ ‘ಆಗದು’ ಎಂಬ ಪಟ್ಟಿಗೆ ಸೇರಿ ಮನೆಯ ಮೂಲೆಗೆ ಮರಳುತ್ತಾರೆ. ಆದುದರಿಂದ ಮೊದಲು ಮನೆಮಾತಿನಲ್ಲಿ ಕೆಲಸ ಕಲಿಸಿ, ಅದು ಕೈಗೆ ಹತ್ತಿದ ಮೇಲೆ ತಮಿಳು ಪದವನ್ನು ಜೊತೆಗೂಡಿಸುವುದು ಸೂಕ್ತ ಕ್ರಮ.

ಕಾನೂನಿನ ಅರಿವು

ಹದಿನೆಂಟು ತುಂಬಿದ ಮೇಲೆ ತಂದೆತಾಯಿಗಳು ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಮುಂದುವರಿಯುವುದಿಲ್ಲ. ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ನ್ಯೂನತೆ ಮತ್ತು ಬಹುವಿಧ ನ್ಯೂನತೆಯುಳ್ಳವರಿಗೆ ಅಗತ್ಯವಿದ್ದಲ್ಲಿ ಪೋಷಕರನ್ನು ನೇಮಿಸಲು, 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ ಸ್ಥಳೀಯ ಮಟ್ಟದ ಸಮಿತಿಗಳಿವೆ, ಜಿಲ್ಲಾಧಿಕಾರಿಗಳು ಅದರಲ್ಲಿರುತ್ತಾರೆ. 2016ರ ಅಧಿನಿಯಮದ 14ನೆಯ ಪ್ರಕರಣವು ಸೀಮಿತ ಪೋಷಕತ್ವವನ್ನು ಹೇಳುತ್ತದೆ. ಅದರಂತೆ ತೀರ್ಮಾನಗಳು ಪೋಷಕರೂ ಆ ವ್ಯಕ್ತಿಯೂ ಪರಸ್ಪರ ವಿಶ್ವಾಸದಿಂದ ಜೊತೆಯಾಗಿ ಕೈಗೊಳ್ಳುವಂಥವು. ಯಾವ ಅಂಗಿ ತೊಡಬೇಕು, ಯಾವ ಕೆಲಸ ಬೇಡ ಎಂಬ ದಿನನಿತ್ಯದ ಆಯ್ಕೆಗಳಿಂದಲೇ ಇಂತಹ ತೀರ್ಮಾನಗಳಿಗೆ ಅಭ್ಯಾಸ ದೊರೆಯುತ್ತದೆ.

ಶಿಕ್ಷಕರು ಮಾಡಬಹುದಾದುದು

ಕನ್ನಡ ಶಾಲೆಯ ಶಿಕ್ಷಕರು ಇಂತಹ ವಿದ್ಯಾರ್ಥಿಯನ್ನು ವರ್ಷಗಳ ಕಾಲ ಹತ್ತಿರದಿಂದ ಬಲ್ಲವರು. ವಿದ್ಯಾರ್ಥಿ ಶಾಲೆ ಬಿಡುವಾಗ ಆ ತಿಳಿವಳಿಕೆ ಒಂದು ಹಾಳೆಯ ರೂಪದಲ್ಲಾದರೂ ಜೊತೆಗೆ ಹೋಗಬೇಕು. ತಾವಾಗಿಯೇ ಮಾಡುವ ಕೆಲಸಗಳು, ನೆರವಿನಿಂದ ಮಾಡುವವು ಮತ್ತು ಆ ನೆರವಿನ ಬಗೆ, ಇಷ್ಟ ಹಾಗೂ ಭಯಗಳು, ಮೂರ್ಛೆರೋಗವಿದ್ದಲ್ಲಿ ಅದರ ವಿವರ ಇವೆಲ್ಲವನ್ನೂ ಅದರಲ್ಲಿ ದಾಖಲಿಸಬೇಕು. ವಿದ್ಯಾರ್ಥಿಗೆ ಅರ್ಥವಾಗುವ ಇಪ್ಪತ್ತು ಮೂವತ್ತು ಕನ್ನಡ ಮಾತುಗಳನ್ನು ತಮಿಳು ಲಿಪಿಯಲ್ಲಿ ಬರೆದು, ಎದುರಿಗೆ ತಮಿಳು ಅರ್ಥ ಕೊಟ್ಟರೆ, ಕನ್ನಡವರಿಯದ ಬೋಧಕರೂ ಮೊದಲ ದಿನವೇ ಅವನ್ನು ಆಡಬಲ್ಲರು. ವಿದ್ಯಾರ್ಥಿ ಉಪಯೋಗಿಸುವ ಸನ್ನೆಗಳನ್ನೂ ಅದೇ ಹಾಳೆಯ ಹಿಂಬದಿಯಲ್ಲಿ ವಿವರಿಸಬಹುದು. ಇದನ್ನು ಕಡೆಯ ವರ್ಷದ ಆರಂಭದಲ್ಲಿಯೇ, ತಂದೆತಾಯಿಗಳನ್ನು ಕೂರಿಸಿಕೊಂಡು ಸಿದ್ಧಪಡಿಸುವುದು ಒಳಿತು. ವಿದ್ಯಾರ್ಥಿಯೂ ಆ ಮಾತುಕತೆಯಲ್ಲಿ ಕುಳಿತಿರಬೇಕು.