ನೋಡು, ನೋಡ್ಕೋ

"ಮಾಮಾ, ಲುಕ್ ಅಂದ್ರ ನೋಡು. ಆಫ್ಟರ್ ಅಂದ್ರ ಆಮ್ಯಾಲ. ಹಂಗಾದ್ರ ಲುಕ್ ಆಫ್ಟರ್ ಅಂದ್ರ 'ಆಮ್ಯಾಲ ನೋಡು' ಅಂತ ಹೌದಿಲ್ಲೋ?"

ಶಹಾಪುರ ತಾಲ್ಲೂಕಿನ ದೋರನಹಳ್ಳಿ, ಅಕ್ಕನ ಮನೆಯ ಪಡಸಾಲೆ. ಸೊಸಿ ಇಂಗ್ಲಿಷ್ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಬಿಡಿಬಿಡಿಯಾಗಿ ಎರಡೂ ಪದ ಅವಳಿಗೆ ಗೊತ್ತು. ಕೂಡಿಸಿದೊಡನೆ ಅರ್ಥ ಕೈಜಾರುತ್ತದೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯಾಕೆ ಕೊಡ ಹಿಡಿದು ಬಾಗಿಲಿಗೆ ಬಂದಳು. "ಯಕ್ಕಾ, ಕೂಸು ಮಲಗ್ಯಾದ, ಒಂದೀಟು ನೋಡ್ಕೋ. ನೀರು ತುಂಬ್ಕೊಂಡು ಬರ್ತೀನಿ."

ನೋಡ್ಕೋ! ಉತ್ತರ ಹೊಸ್ತಿಲಿಗೇ ಬಂದು ನಿಂತಿತ್ತಲ್ಲ! ನೋಡು ಎಂದರೆ ಬರೀ ಕಣ್ಣಿನ ಕೆಲಸ. ನೋಡಿಕೊ ಎಂದರೆ ಕೂಸು ಎದ್ದರೆ ಎತ್ತಬೇಕು, ಅತ್ತರೆ ತೂಗಬೇಕು, ಮುಖದ ಮೇಲೆ ನೊಣ ಕೂತರೆ ಓಡಿಸಬೇಕು. ಒಂದು 'ಕೊ' ಸೇರಿದ್ದಕ್ಕೆ ಇಷ್ಟೆಲ್ಲ!

ಆ 'ಕೊ' ಬಂದದ್ದು ಕೊಳ್ಳು ಎಂಬುದರಿಂದ. ಕೊಳ್ಳು ಎಂದರೆ ತೆಗೆದುಕೊಳ್ಳುವುದು, ತನ್ನದಾಗಿಸುವುದು. ಇನ್ನು ಇಂಗ್ಲಿಷಿನ ಆಫ್ಟರ್? ಅದರ ಹಳೆಯ ಅರ್ಥಗಳಲ್ಲಿ 'ಹಿಂದೆ' ಎಂಬುದೂ ಒಂದು. ಅಂದರೆ ಇಂಗ್ಲಿಷಿನ ಕಣ್ಣು ಕೂಸಿನ ಬೆನ್ನ ಹಿಂದೆಯೇ ಹೋಗುತ್ತದೆ. ಕನ್ನಡದ ಕಣ್ಣು ಕೂಸನ್ನು ತನ್ನ ಮಡಿಲಿಗೇ ಎಳೆದುಕೊಳ್ಳುತ್ತದೆ. ದಾರಿ ಬೇರೆ, ಆದರೆ ಎರಡೂ ಭಾಷೆಗೆ ಅಕ್ಕರೆ ಶುರುವಾಗುವುದು ನೋಟದಿಂದಲೇ!

ಒಂದು ಬಾಗಿಲು ತೆರೆದದ್ದೇ ತಡ, ಸಾಲುಸಾಲಾಗಿ ತೆರೆದವು. ಈಟ್ ಅಪ್? ತಿಂದುಬಿಡು! ಗಿವ್ ಅಪ್? ಕೈಬಿಡು! ಹೇಳಿಕೊ, ಹೇಳಿಕೊಡು, ಹೇಳಿಬಿಡು: ಹೇಳುವುದು ಒಂದೇ, ಆದರೆ ಮೊದಲನೆಯದರಲ್ಲಿ ದುಃಖ ಇಳಿಯುತ್ತದೆ, ಎರಡನೆಯದರಲ್ಲಿ ಪಾಠ ಹತ್ತುತ್ತದೆ, ಮೂರನೆಯದರಲ್ಲಿ ಗುಟ್ಟು ಹೊರಬೀಳುತ್ತದೆ. ಇಂಗ್ಲಿಷಿನ ಇಂಥ ಜೋಡಿಗಳು ಪರಭಾಷೆಯವರಿಗೆ ಬಲು ಕಷ್ಟವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲೇ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಬರೆದರು. ಅದೇ ಕಸುಬನ್ನು ನಾವು ಹುಟ್ಟಿದಾಗಿನಿಂದ ಬೇರೆ ಬಗೆಯಲ್ಲಿ ಮಾಡುತ್ತಲೇ ಇದ್ದೇವೆ!

ನಮ್ಮ ನೆರೆಯ ಸುರಪುರಕ್ಕೆ 1841ರಲ್ಲಿ ಬಂದ ಮೆಡೋಸ್ ಟೇಲರ್ ಬಾಲದೊರೆ ವೆಂಕಟಪ್ಪ ನಾಯಕನನ್ನು ನೋಡಿಕೊಂಡವರು. ಹುಡುಗ ಅವರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಬಾಲಕನ ಮೇಲೆ ಕಣ್ಣಿಟ್ಟ ಆ ಇಂಗ್ಲಿಷ್ ಅಧಿಕಾರಿಯ ನೋಟ 'ಅಪ್ಪಾ' ಎನ್ನಿಸಿಕೊಳ್ಳುವಷ್ಟು ಹತ್ತಿರ ಬಂದಿತ್ತು. ಈ ಎರಡು ನುಡಿಗಳ ಅಕ್ಕರೆ ಇದೇ ಸೀಮೆಯಲ್ಲಿ ಎಂದೋ ಕೈಕೈ ಹಿಡಿದಿತ್ತು!

ಸೊಸಿಗೆ ನಾನು ಇದಾವುದನ್ನೂ ವಿವರಿಸಬೇಕಾಗಲಿಲ್ಲ. ಆ ಮಾತು ಅವಳ ಕಿವಿಗೂ ಬಿದ್ದಿತ್ತು. ಪೆನ್ಸಿಲ್ ಒತ್ತಿ ದಪ್ಪಗೆ 'ನೋಡ್ಕೋ' ಎಂದು ಬರೆದಳು. ಬರೆದು, ಪುಸ್ತಕ ಮುಚ್ಚಿ, ಪಕ್ಕದ ಮನೆಗೆ ಓಡಿದಳು.

"ಯವ್ವಾ, ನೀ ಕೂಡು. ಕೂಸಿನ್ನ ನಾ ನೋಡ್ಕೋತೀನಿ!"