ಬವಳಿ ಬೀಳುವ ಕಂಪ್ಯೂಟರು ಮತ್ತು ಅತ್ತೆಯವರ ಹಾಡುಗಳು

ನಮ್ಮ ಮನೆಯ ಕಂಪ್ಯೂಟರಿಗೆ ಬವಳಿ ಬಂದು ಬೀಳುವ ಕಾಯಿಲೆ ಅಂಟಿಕೊಂಡದ್ದು 2024ರ ಮಾರ್ಚಿಯಲ್ಲಿ. ಕೆಲಸ ಮಾಡುತ್ತಾ ಮಾಡುತ್ತಾ ಇದ್ದಕ್ಕಿದ್ದ ಹಾಗೆ ಕಪ್ಪಾಗಿಬಿಡುವುದು. ಇಲ್ಲವೇ ನೀಲಿ ಪರದೆ ಹಾಕಿಕೊಂಡು, ಅಳುವ ಮುಖದ ಚಿತ್ರ ತೋರಿಸಿ, ತನ್ನಷ್ಟಕ್ಕೆ ತಾನೇ ಮತ್ತೆ ಶುರುವಾಗುವುದು. “ಅಮ್ಮಾ, ಮತ್ತೆ ಹೋಯ್ತು!” ಎಂದು ಮಗಳು ಕೂಗಿದಾಗಲೆಲ್ಲ ಒಲೆಯ ಮೇಲಿನ ಹಾಲು ಬಿಟ್ಟು ಓಡುತ್ತಿದ್ದೆ. ನಾನು ಓಡಿ ಹೋಗಿ ಮಾಡುವುದಾದರೂ ಏನು? ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಶಿವಮೊಗ್ಗಕ್ಕೆ ಬಂದವಳು ನಾನು. ಕಂಪ್ಯೂಟರಿನ ವಿಚಾರದಲ್ಲಿ ನನಗೆ ಗೊತ್ತಿದ್ದದ್ದು ನಮ್ಮ ಸ್ವಸಹಾಯ ಸಂಘದ ಲೆಕ್ಕ ಬರೆಯುವುದು, ಅಷ್ಟೆ.

ಆದರೆ ಅದರೊಳಗೆ ಲೆಕ್ಕಕ್ಕಿಂತ ದೊಡ್ಡದೊಂದಿತ್ತು. ನಮ್ಮತ್ತೆ ಹಸೆಹಾಡು, ಆರತಿ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು ಎಲ್ಲ ಹೇಳುತ್ತಿದ್ದರು. ಯಾವ ಪುಸ್ತಕದಲ್ಲೂ ಇಲ್ಲದ, ಅವರ ಅಜ್ಜಿಯಿಂದ ಬಂದ ಹಾಡುಗಳು. ಹಿತ್ತಲ ಜಗಲಿಯಲ್ಲಿ ಕೂರಿಸಿ, ಮೊಬೈಲಿನಲ್ಲಿ ಹಿಡಿದು, ಕಂಪ್ಯೂಟರಿಗೆ ಹಾಕಿಟ್ಟಿದ್ದೆ. ಒಟ್ಟು 23 ಹಾಡು. 2021ರಲ್ಲಿ ಅತ್ತೆ ಹೋದರು. ಆ ಮೊಬೈಲೂ ಮಳೆಗಾಲದಲ್ಲಿ ನೀರು ಕುಡಿದು ಸತ್ತಿತು. ಇನ್ನು ಉಳಿದದ್ದು ಈ ಪೆಟ್ಟಿಗೆಯೊಳಗೆ ಮಾತ್ರ.

ರಿಪೇರಿ ಅಂಗಡಿಗೆ ಒಯ್ದೆವು. ಅಲ್ಲಿನ ಹುಡುಗ ಐದು ನಿಮಿಷ ನೋಡಿ, “ಆಂಟಿ, ವಿಂಡೋಸ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಿಬಿಡ್ತೀನಿ” ಅಂದ. ಫಾರ್ಮ್ಯಾಟ್ ಅಂದರೆ ಎಲ್ಲ ಅಳಿಸಿ ಹೊಸದಾಗಿ ಹಾಕುವುದು ಎಂದು ಮಗಳು ಕಿವಿಯಲ್ಲಿ ಹೇಳಿದಳು. ನನ್ನ ಎದೆ ಧಸಕ್ಕೆಂದಿತು. ಬೇಡ ಎಂದು ವಾಪಸು ತಂದೆವು. ಇನ್ನೊಂದು ಅಂಗಡಿಯಲ್ಲಿ, “ಮದರ್‌ಬೋರ್ಡ್ ಹೋಗಿದೆ, ಹೊಸ ಕಂಪ್ಯೂಟರೇ ತಗೊಳ್ಳಿ, 34,000 ಆಗುತ್ತೆ” ಅಂದರು. ಇವರು ಮಾತಾಡದೆ ಸ್ಕೂಟರ್ ಸ್ಟಾರ್ಟ್ ಮಾಡಿದರು. ಮಗಳ ಕಾಲೇಜು ಫೀಸು ಕಟ್ಟಿ ಇನ್ನೂ ತಿಂಗಳಾಗಿರಲಿಲ್ಲ.

ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿರುವ ತಂಗಿಯ ಮಗನಿಗೆ ಫೋನ್ ಮಾಡಿದೆ. ಅವನು, “ದೊಡ್ಡಮ್ಮ, ನೀನು ಮೊದಲು ಹಾಡು ಕಾಪಿ ಮಾಡಿಕೋ. ಆಮೇಲೆ ಒಂದು ಪುಸ್ತಕ ಇಟ್ಟುಕೊಂಡು, ಪ್ರತಿ ಸಲ ಕಂಪ್ಯೂಟರು ಬಿದ್ದಾಗ ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದಾಗ, ಹೇಗೆ ಬಿತ್ತು, ಬರಿ” ಅಂದ. ಮನೆಯಲ್ಲಿ ಜ್ವರ ಬಂದ ಮಗುವಿಗೆ ಡಾಕ್ಟರು ಹೇಳುವ ಮಾತೇ ಅಲ್ಲವೇ ಇದು! ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯತೊಡಗಿದೆ.

ಹಾಡುಗಳನ್ನು ಪೆನ್‌ಡ್ರೈವಿಗೆ ಇಳಿಸಿದೆವು. ಇಳಿಸಿದ ಮೇಲೆ ಒಂದೊಂದಾಗಿ ಕೇಳಿ ನೋಡಿದ್ದು ನನ್ನ ಪುಣ್ಯ. 21 ಹಾಡು ಸರಿಯಾಗಿದ್ದವು. ಒಂದು ಮಧ್ಯದಲ್ಲಿ ಕರಕರ ಎಂದು ಕಿರುಚಿತು. ಇನ್ನೊಂದು ತೆರೆಯಲೇ ಇಲ್ಲ. ಕೈಕಾಲು ತಣ್ಣಗಾಯಿತು. ಆದರೆ ಅದೇ ಎರಡು ಹಾಡನ್ನು ಪೆನ್‌ಡ್ರೈವ್ ಬಿಟ್ಟು ಕಂಪ್ಯೂಟರಿನಲ್ಲೇ ಹಾಕಿದಾಗ ಅತ್ತೆ ಕೊನೆಯವರೆಗೂ ಹಾಡಿದರು! ಇದ್ಯಾವ ಮಾಯೆ? ಮೂಲ ಚೆನ್ನಾಗಿದೆ, ನಕಲು ಕೆಟ್ಟಿದೆ. ಆಗ ಅರ್ಥವಾಗಲಿಲ್ಲ. ಪುಸ್ತಕದಲ್ಲಿ ಅದನ್ನೂ ಬರೆದಿಟ್ಟೆ. “ಕಾಪಿ ಆಯ್ತಲ್ಲ, ಅದರಲ್ಲಿರೋದನ್ನು ಅಳಿಸಿ ಅಂಗಡಿಗೆ ಕೊಟ್ಟುಬಿಡು” ಎಂದು ಇವರು ಹೇಳಿದ್ದರು. ಕೇಳಿದ್ದರೆ ಎರಡು ಹಾಡು ಹೋಗಿಯೇ ಹೋಗುತ್ತಿತ್ತು.

ಹನ್ನೆರಡು ದಿನದಲ್ಲಿ 17 ಸಲ ಬಿದ್ದಿತು. ನನ್ನ ಗುಮಾನಿ ಮೊದಲು ಗ್ರೈಂಡರಿನ ಮೇಲೆ. ಅದು ತಿರುಗುವಾಗ ಲೈಟು ಮಂಕಾಗುತ್ತದಲ್ಲ. ಆದರೆ 17ರಲ್ಲಿ ಮೂರು ಸಲ ಮಾತ್ರ ಗ್ರೈಂಡರು ಓಡುತ್ತಿತ್ತು. ಪಾಪ, ಸುಮ್ಮನೆ ಬೈದಿದ್ದೆ. ಪುಸ್ತಕ ಓದುತ್ತಾ ಹೋದರೆ ಬೇರೆಯೇ ಸಂಗತಿ ಕಂಡಿತು. ಒಂಬತ್ತು ಸಲ ಪೂರ್ತಿ ಕಪ್ಪಾಗಿತ್ತು, ಅದೂ ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ, ಶುರು ಮಾಡಿ ಇಪ್ಪತ್ತು ನಿಮಿಷ ಅರ್ಧ ಗಂಟೆಯ ಮೇಲೆ. ಎಂಟು ಸಲ ನೀಲಿ ಪರದೆ, ಅದಕ್ಕೆ ಹೊತ್ತುಗೊತ್ತು ಇಲ್ಲ. ಬೆಳಿಗ್ಗೆ ಆರಕ್ಕೂ ಬಂದಿತ್ತು. ನೀಲಿ ಪರದೆಯ ಕೆಳಗೆ ಬರೆದಿರುವ ಕಾರಣವನ್ನೂ ಮಗಳು ಬರೆದಿದ್ದಳು. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’, ಒಮ್ಮೆ ‘ಪೇಜ್ ಫಾಲ್ಟ್’, ಮತ್ತೊಮ್ಮೆ ಬಾಯಿ ತಿರುಗದ ಇನ್ನೇನೋ.

“ದೊಡ್ಡಮ್ಮ, ಇದು ಒಂದು ಕಾಯಿಲೆ ಅಲ್ಲ, ಎರಡು” ಅಂದ ಹುಡುಗ. ಬಿಸಿಲಿನ ಹೊತ್ತಿನಲ್ಲಿ ಕಪ್ಪಾಗುವುದು ಶಾಖದ ಲಕ್ಷಣ. ಪ್ರತಿಸಲ ಬೇರೆ ಹೆಸರಿನ ನೀಲಿ ಪರದೆ ಬಂದರೆ ಮೊದಲು ರ‍್ಯಾಮ್ ಪರೀಕ್ಷಿಸಬೇಕು. ಅಂಗಡಿಯವರು ಎರಡನ್ನೂ ಕಲಸಿ ಒಂದೇ ಮುದ್ದೆ ಮಾಡಿ ಮದರ್‌ಬೋರ್ಡಿನ ತಲೆಗೆ ಕಟ್ಟಿದ್ದರು. ಪುಸ್ತಕ ಬರೆಯುವ ತಾಳ್ಮೆ ಇಲ್ಲದವರಿಗೆ ವಿಂಡೋಸ್ ತಾನೇ ಒಂದು ದಿನಚರಿ ಇಟ್ಟಿರುತ್ತದೆ. ಹುಡುಕುವ ಜಾಗದಲ್ಲಿ ‘ರಿಲಯಬಿಲಿಟಿ ಹಿಸ್ಟರಿ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಯಾವ ದಿನ ಏನು ಕೆಟ್ಟಿತು ಎಂದು ಕೆಂಪು ಗುರುತು ಹಾಕಿ ತೋರಿಸುತ್ತದೆ. ಅದರಲ್ಲಿ ಗ್ರೈಂಡರಿನ ಮಾತು ಇರುವುದಿಲ್ಲ, ಅದನ್ನು ನಾವೇ ಬರೆಯಬೇಕು.

ಪೆಟ್ಟಿಗೆ ತೆರೆಯುವ ದಿನ ಬೇಗ ಅಡುಗೆ ಮುಗಿಸಿದೆ. ಆ ದಿನ ನೈಲಾನು, ಪಾಲಿಯೆಸ್ಟರ್ ಸೀರೆ ಬೇಡ, ಹತ್ತಿ ಸೀರೆ ಉಡಿ. ಮೈಮೇಲಿನ ಬಟ್ಟೆ ಉಜ್ಜಿ ಹುಟ್ಟುವ ವಿದ್ಯುತ್ತಿನ ಒಂದು ಕಿಡಿ ಸಾಕು, ಒಳಗಿನ ಚಿಪ್ಪು ಸುಡಲು. ಚಿನ್ನದ್ದಾಗಲಿ ಲೋಹದ್ದಾಗಲಿ ಬಳೆ ತೆಗೆದಿಡಿ. ಪ್ಲಗ್ ಕಿತ್ತು, ಆಮೇಲೆ ಆನ್ ಮಾಡುವ ಗುಂಡಿಯನ್ನು ಒಮ್ಮೆ ಒತ್ತಿ ಹಿಡಿದರೆ ಉಳಿದ ಕರೆಂಟು ಇಳಿದುಹೋಗುತ್ತದೆ. ಪೆಟ್ಟಿಗೆಯ ಬಣ್ಣ ಹಚ್ಚದ ಲೋಹವನ್ನು ಮುಟ್ಟಿ, ನಂತರ ಒಳಗೆ ಕೈ ಹಾಕಬೇಕು. ಯಾವ ವೈರು ಕೀಳುವ ಮೊದಲೂ ಮೊಬೈಲಿನಲ್ಲಿ ಒಂದು ಫೋಟೋ.

ಒಳಗೆ ನೋಡಿದರೆ, ಅಯ್ಯೋ ರಾಮ! ನಮ್ಮ ಅಟ್ಟ ಎಷ್ಟೋ ವಾಸಿ. ಹಾಸಿಗೆ ಹಾಸಿದಂತೆ ಧೂಳು, ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ. ಮಗಳು ಒಂದು ಕತೆ ಹೇಳಿದಳು. ಅಮೆರಿಕದ ಹಾರ್ವರ್ಡ್‌ನಲ್ಲಿ 1947ರ ಸೆಪ್ಟೆಂಬರ್ 9ರಂದು ‘ಮಾರ್ಕ್ 2’ ಎಂಬ ಕೋಣೆಯಷ್ಟು ದೊಡ್ಡ ಯಂತ್ರ ತಪ್ಪು ಮಾಡತೊಡಗಿತಂತೆ. ಬಿಚ್ಚಿ ನೋಡಿದರೆ ರಿಲೇಯೊಂದರಲ್ಲಿ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟರು, ಆ ಹಾಳೆ ಈಗಲೂ ಅಮೆರಿಕದ ಮ್ಯೂಸಿಯಮ್ಮೊಂದರಲ್ಲಿ ಇದೆ. ಆ ತಂಡದಲ್ಲಿ ಗ್ರೇಸ್ ಹಾಪರ್ ಎಂಬ ಗಣಿತ ಪಂಡಿತೆಯೂ ಇದ್ದರು. ಅವರೂ ಕೆಟ್ಟದ್ದನ್ನು ಪುಸ್ತಕದಲ್ಲಿ ಬರೆದೇ ಇಟ್ಟರಲ್ಲ ಎಂದು ನನಗೆ ಸ್ವಲ್ಪ ಹೆಮ್ಮೆಯಾಯಿತು.

ಒಣ ಪೇಂಟ್ ಬ್ರಷ್ಷಿನಿಂದ ಧೂಳು ತೆಗೆದೆ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದೇ ಒರೆಸಬೇಕು, ಗಾಳಿ ಊದಿ ಗಿರಗಿರ ತಿರುಗಿಸಬಾರದು. ಒದ್ದೆ ಬಟ್ಟೆಯಂತೂ ತರಲೇಬೇಡಿ. ನಡುವೆ ಇರುವ ಮುಖ್ಯ ಚಿಪ್ಪಿನ ಮೇಲೆ ಒಂದು ಲೋಹದ ಅಡ್ಡೆ, ಅದರ ಮೇಲೆ ಫ್ಯಾನು. ಚಿಪ್ಪಿಗೂ ಅಡ್ಡೆಗೂ ನಡುವೆ ಶಾಖ ದಾಟಿಸುವ ಪೇಸ್ಟು ಹಚ್ಚಿರುತ್ತಾರೆ. ನಮ್ಮದು 2016ರ ಕಂಪ್ಯೂಟರು. ಪೇಸ್ಟು ಒಣಗಿ, ಎಲೆಪೆಟ್ಟಿಗೆಯಲ್ಲಿ ಮರೆತ ಸುಣ್ಣದ ಹಾಗೆ ಹಕ್ಕಳೆ ಎದ್ದಿತ್ತು. ಅದನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟು ಇಟ್ಟು ಒತ್ತಿ ಕೂರಿಸಿದೆವು. ಮುಂಚೆ ಕೆಲಸದ ನಡುವೆ 94 ಡಿಗ್ರಿ ತೋರಿಸುತ್ತಿದ್ದದ್ದು 61ಕ್ಕೆ ಇಳಿಯಿತು. ಶಾಖ ನೂರರ ಹತ್ತಿರ ಹೋದರೆ ಯಂತ್ರ ಮೊದಲು ನಿಧಾನವಾಗುತ್ತದೆ, ಆಗಲೂ ತಣಿಯದಿದ್ದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಹೋಗುತ್ತದೆ. ಮಧ್ಯಾಹ್ನದ ಕಪ್ಪು ಪರದೆ ಅಂದಿಗೆ ನಿಂತಿತು.

ತೆರೆದಾಗಲೇ ಮದರ್‌ಬೋರ್ಡನ್ನೂ ನೋಡಿಕೊಳ್ಳಿ. ಪುಟ್ಟ ಡಬ್ಬಿಯಂಥ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಪೂರಿಯ ಹಾಗೆ ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಅದು ಕೆಟ್ಟಿದೆ ಎಂದೇ. 2000ದ ಆಸುಪಾಸಿನಿಂದ ಕೆಲವು ವರ್ಷ ಕಳಪೆ ಕೆಪಾಸಿಟರು ಹಾಕಿದ ಬೋರ್ಡುಗಳು ಲೋಕದ ತುಂಬ ಹೀಗೆ ಉಬ್ಬಿ ಸತ್ತಿದ್ದವು. ನಮ್ಮದರಲ್ಲಿ ಎಲ್ಲವೂ ಚಪ್ಪಟೆಯಾಗಿದ್ದವು. 34,000 ರೂಪಾಯಿಯ ಮದರ್‌ಬೋರ್ಡ್ ಕಾಯಿಲೆಯ ಮೇಲೆ ನನಗೆ ಅನುಮಾನ ಬಂದದ್ದು ಆಗಲೇ.

ಪೆಟ್ಟಿಗೆ ಮುಟ್ಟಿದರೆ ಜುಮ್ ಎನ್ನುತ್ತಿತ್ತು. ಇದು ಎಷ್ಟೋ ಮನೆಗಳಲ್ಲಿ ಇದೆ, “ಏನೂ ಆಗಲ್ಲ ಬಿಡಿ” ಎಂದು ಸುಮ್ಮನಿರುತ್ತೇವೆ. ಪವರ್ ಸಪ್ಲೈಯ ಒಳಗಿನಿಂದ ಚೂರು ಕರೆಂಟು ಪೆಟ್ಟಿಗೆಗೆ ಬರುತ್ತದೆ. ಅರ್ಥಿಂಗ್ ಸರಿಯಿದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಮ್ಮ ಕೈಗೆ. ಎಲೆಕ್ಟ್ರಿಷಿಯನ್ ಬಂದು ಪ್ಲಗ್ಗಿನ ಮೂರನೇ ವೈರು ಕಿತ್ತುಹೋಗಿದ್ದದ್ದನ್ನು ಕಟ್ಟಿದ, ಹಿತ್ತಲಿನ ಉಪ್ಪು–ಇದ್ದಿಲು ಹಾಕಿದ ಅರ್ಥ್ ಗುಂಡಿಗೆ ಎರಡು ಕೊಡ ನೀರು ಹೊಯ್ಯಿಸಿದ. ಬೇಸಿಗೆಯಲ್ಲಿ ಅದು ಒಣಗುತ್ತದಂತೆ. ಮೀಟರು ಹಿಡಿದು ಪವರ್ ಸಪ್ಲೈಯನ್ನೂ ಅಳೆದ. 12 ವೋಲ್ಟಿನ ತಂತಿ 11.4ರಿಂದ 12.6ರ ಒಳಗೆ ಇರಬೇಕು, ನಮ್ಮದು 12.1 ಇತ್ತು. ಮೀಟರು ಸರಿ ತೋರಿಸಿದರೂ ಕೆಲಸ ಜೋರಾದಾಗ ಒಂದು ಕ್ಷಣ ಕುಸಿಯುವ ಪವರ್ ಸಪ್ಲೈ ಇರುತ್ತವೆ, ಬೇರೊಂದು ಹಾಕಿ ನೋಡುವುದೇ ಅದಕ್ಕೆ ಪರೀಕ್ಷೆ. ಪವರ್ ಸಪ್ಲೈಯ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಕೂತಿರುತ್ತದೆ.

ಜುಮ್ ಎನ್ನುವುದು ಹೋಯಿತು. ನೀಲಿ ಪರದೆ ಹೋಗಲಿಲ್ಲ.

ಡಿಸ್ಕಿನ ಆರೋಗ್ಯ ಹೇಳುವ ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಎಂಬ ಪುಕ್ಕಟೆ ಪ್ರೋಗ್ರಾಮು ನಮ್ಮ ಡಿಸ್ಕನ್ನು ‘ಗುಡ್’ ಎಂದಿತು. ಕಟಕಟ ಸದ್ದೂ ಇರಲಿಲ್ಲ. ಉಳಿದದ್ದು ರ‍್ಯಾಮು. ವಿಂಡೋಸಿನ ಜೊತೆಗೇ ಬರುವ ‘ಮೆಮೊರಿ ಡಯಾಗ್ನೋಸ್ಟಿಕ್’ ಓಡಿಸಿದರೆ ಏನೂ ತಪ್ಪಿಲ್ಲ ಎಂದಿತು. ಹುಡುಗ ನಂಬಲಿಲ್ಲ. ‘ಮೆಮ್‌ಟೆಸ್ಟ್86 ಪ್ಲಸ್’ ಎಂಬುದನ್ನು ಖಾಲಿ ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರು ಶುರು ಮಾಡಿ, ರಾತ್ರಿಯಿಡೀ ಬಿಡಿ ಎಂದ. ಹಾಡು ಇದ್ದ ಪೆನ್‌ಡ್ರೈವನ್ನು ಮಗಳು ಇನ್ನೇನು ಕೈಗೆತ್ತಿಕೊಂಡಿದ್ದಳು! ಹಾಗೆ ಹಾಕಿದರೆ ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಪಕ್ಕದ ಮನೆಯ ಲ್ಯಾಪ್‌ಟಾಪಿನಲ್ಲಿ, ಹೊಸ ಪೆನ್‌ಡ್ರೈವಿನಲ್ಲಿ ಮಾಡಿಕೊಂಡು ಬಂದೆವು.

ರಾತ್ರಿ ಹತ್ತಕ್ಕೆ ಹಚ್ಚಿ ಮಲಗಿದೆ. ನಿದ್ದೆ ಎಲ್ಲಿ ಬರಬೇಕು? ನಾಲ್ಕಕ್ಕೆ ಎದ್ದು ನೋಡಿದರೆ ಪರದೆಯ ಮೇಲೆ ಸಾಲು ಸಾಲು ಕೆಂಪು. ಈ ಪರೀಕ್ಷೆಯಲ್ಲಿ ಪಾಸ್ ಮಾರ್ಕು ಮೂವತ್ತೈದು ಅಲ್ಲ, ಒಂದು ತಪ್ಪು ಬಂದರೂ ಫೇಲೇ.

ನಮ್ಮಲ್ಲಿ 4 ಜಿಬಿಯ ಎರಡು ರ‍್ಯಾಮ್ ಪಟ್ಟಿ. ಕೆಟ್ಟದ್ದು ಪಟ್ಟಿಯೋ, ಅದು ಕೂರುವ ಸಂದೋ? ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಕೂರಿಸಿದೆವು. ಕೆಲವೊಮ್ಮೆ ಅಷ್ಟಕ್ಕೇ ವಾಸಿಯಾಗುತ್ತದೆ, ನಮ್ಮದು ಆಗಲಿಲ್ಲ. ಆಮೇಲೆ ಒಂದೇ ಪಟ್ಟಿ ಹಾಕಿ ಒಂದು ರಾತ್ರಿ, ಅದೇ ಪಟ್ಟಿ ಇನ್ನೊಂದು ಸಂದಿನಲ್ಲಿ ಇನ್ನೊಂದು ರಾತ್ರಿ. ಎರಡು ಕಡೆಯೂ ಕೆಂಪು. ಎರಡನೇ ಪಟ್ಟಿ ಎರಡು ಸಂದಿನಲ್ಲೂ ಬೆಳಗಿನವರೆಗೆ ಒಂದು ತಪ್ಪೂ ಮಾಡಲಿಲ್ಲ. ನಾಲ್ಕು ರಾತ್ರಿ ಬೇಕಾಯಿತು, ಆದರೆ ಕಳ್ಳ ಸಿಕ್ಕಿಬಿದ್ದ.

ಹಾಡು ಕೆಟ್ಟ ಮರ್ಮವೂ ಆಗ ತಿಳಿಯಿತು. ಡಿಸ್ಕು ಉಗ್ರಾಣ ಇದ್ದ ಹಾಗೆ, ರ‍್ಯಾಮು ಅಡುಗೆ ಕಟ್ಟೆ. ಉಗ್ರಾಣದ ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಸಕ್ಕರೆ ಸುರಿಯುವಾಗ ಕಟ್ಟೆಯ ಮೇಲೆ ಇಟ್ಟೇ ಸುರಿಯುತ್ತೇವೆ. ಕಟ್ಟೆ ಒದ್ದೆಯಾಗಿದ್ದರೆ? ಉಗ್ರಾಣದ ಸಕ್ಕರೆ ಚೆನ್ನಾಗಿಯೇ ಇರುತ್ತದೆ, ಹೊಸ ಡಬ್ಬಿಯದ್ದು ಮುದ್ದೆ. ರ‍್ಯಾಮ್ ಮೇಲೆ ಅನುಮಾನ ಇರುವಾಗ ಆ ಕಂಪ್ಯೂಟರಿನಲ್ಲೇ ಕಾಪಿ ಮಾಡಬಾರದು, ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ಮಾಡಬೇಕು. ಇದನ್ನು ಮೊದಲೇ ಹೇಳಲಿಲ್ಲವೆಂದು ಹುಡುಗ ತಾನೇ ಒಪ್ಪಿಕೊಂಡ. ನಾವು ಕೆಟ್ಟ ಪಟ್ಟಿ ತೆಗೆದು, ಒಳ್ಳೆಯ ಪಟ್ಟಿಯೊಂದರಲ್ಲೇ ನಡೆಸಿ, ಮತ್ತೆ ಇಳಿಸಿದೆವು. 23ಕ್ಕೆ 23 ಹಾಡೂ ಬಂದವು. ಕಿರುಚಿದ್ದ ಹಾಡು ನನ್ನ ಮದುವೆಯಲ್ಲಿ ಅತ್ತೆ ಹೇಳಿದ ಹಸೆಹಾಡು. ಇವರು ಪೇಪರು ಮುಖಕ್ಕೆ ಅಡ್ಡ ಹಿಡಿದು ಪೂರ್ತಿ ಕೇಳಿದರು.

ರ‍್ಯಾಮಿಗೆ ಕೆಲವು ಕಂಪನಿಗಳು ಬಹಳ ವರ್ಷದ ವಾರಂಟಿ ಕೊಡುತ್ತವೆ ಎಂದು ಗೊತ್ತಾಗಿ ಬೀರುವಿನಲ್ಲಿದ್ದ 2016ರ ಬಿಲ್ಲು ಹುಡುಕಿದೆ. ಸಿಕ್ಕಿತು, ಆದರೆ ಒಂದಕ್ಷರವೂ ಉಳಿದಿರಲಿಲ್ಲ! ಆ ನುಣುಪು ಕಾಗದದ ಬಿಲ್ಲು ಕಾಲ ಕಳೆದಂತೆ ತಾನೇ ಅಳಿಸಿಹೋಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿಡಿ. ಕೊನೆಗೆ 900 ರೂಪಾಯಿಗೆ ಹಳೆಯ ಪಟ್ಟಿಯೊಂದನ್ನು ಕೊಂಡು, ಹಾಕಿದ ರಾತ್ರಿಯೇ ಅದಕ್ಕೂ ಮೆಮ್‌ಟೆಸ್ಟ್ ಮಾಡಿದೆವು.

ಈಗ ಸಂಘದ ಹೆಂಗಸರು ನನ್ನನ್ನು ಕಂಪ್ಯೂಟರ್ ಡಾಕ್ಟರು ಎಂದು ಕರೆದು ನಗುತ್ತಾರೆ. ಹಿಂದಿನ ಬೀದಿಯ ಅಕ್ಕನ ಮನೆಯಲ್ಲಿ ಪ್ರತಿದಿನ ಬೆಳಿಗ್ಗೆ ಕಂಪ್ಯೂಟರಿನ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿತ್ತಂತೆ, ಬ್ಯಾಂಕಿನ ಪುಟ ತೆರೆದರೆ ‘ಸುರಕ್ಷಿತವಲ್ಲ’ ಎಂದು ಬೈಯುತ್ತಿತ್ತಂತೆ. ಅವರಿಗೂ ಯಾರೋ ಮದರ್‌ಬೋರ್ಡ್ ಹೋಗಿದೆ ಎಂದಿದ್ದರು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ಲು ಇರುತ್ತದೆ, ಸಿಆರ್2032 ಎಂದು ಅದರ ಮೇಲೇ ಬರೆದಿರುತ್ತದೆ. ಪ್ಲಗ್ ಕಿತ್ತಾಗ ಗಡಿಯಾರ ನಡೆಸುವುದು ಅದೇ. ವಾಚಿನ ಅಂಗಡಿಯಲ್ಲಿ ನಲವತ್ತು ರೂಪಾಯಿ ಕೊಟ್ಟು ತಂದು, ಹಳೆಯದು ಯಾವ ಮುಖ ಮೇಲಾಗಿತ್ತೋ ನೋಡಿಕೊಂಡು ಹಾಗೆಯೇ ಕೂರಿಸಿ, ಗಂಟೆ ತಿದ್ದಿದೆವು. ಅಕ್ಕ ಕಾಫಿ ಕೊಟ್ಟರು, ಜೊತೆಗೆ ಒಂದು ಡಬ್ಬಿ ಹಲಸಿನ ಹಪ್ಪಳ.